ಒತ್ತಡದ ಅಳತೆಗೋಲು ಜಪಾನಿಗೆ ಹೋದಾಗ

ಬೆಂಗಳೂರಿನಲ್ಲಿ ಯಾರಾದರೂ ‘ಇವತ್ತು ತುಂಬಾ ಟೆನ್ಶನ್’ ಎಂದರೆ ಎದುರಿಗಿದ್ದವರು ಕುರ್ಚಿ ಎಳೆದು ಕೂರಿಸಿ ಒಂದು ಲೋಟ ನೀರು ಕೊಡುತ್ತಾರೆ. ಟೋಕಿಯೋದಲ್ಲಿ ಕಾಲೇಜು ಹುಡುಗನೊಬ್ಬ ‘ಇವತ್ತು ನನ್ನ ಟೆನ್ಶನ್ ಏರಿದೆ’ ಎಂದರೆ ಸ್ನೇಹಿತರು ಅವನ ಜತೆ ಹಾಡಿ ಕುಣಿಯಲು ಸಿದ್ಧರಾಗುತ್ತಾರೆ! ಜಪಾನೀಯರ ಆಡುಮಾತಿನಲ್ಲಿ ‘ತೆನ್ಶೊನ್’ ಎಂದರೆ ಹುರುಪು, ಉಲ್ಲಾಸ. ಟೆನ್ಶನ್ ಇಳಿಯಿತು ಎಂದರೆ ಉತ್ಸಾಹವೆಲ್ಲ ಸೋರಿಹೋಯಿತು ಎಂದರ್ಥ. ಇಂಗ್ಲಿಷಿನ ಒಂದೇ ಅಂಗಡಿಯಿಂದ ಎರಡು ದೇಶಗಳೂ ಒಂದೇ ಸರಕನ್ನು ಕಡ ತಂದವು. ಮನೆಗೆ ಬಂದ ಮೇಲೆ ಒಂದು ಅದನ್ನು ಉಪ್ಪಿನ ಡಬ್ಬಿಗೆ ಸುರಿಯಿತು, ಇನ್ನೊಂದು ಸಕ್ಕರೆ ಡಬ್ಬಿಗೆ.

ಈಗ ವೈದ್ಯರೊಬ್ಬರು ಎರಡೂ ಊರುಗಳಿಗೆ ಒಂದೇ ಪ್ರಶ್ನೆ ಕಳಿಸಿದರು ಎಂದಿಟ್ಟುಕೊಳ್ಳಿ: ‘ಕಳೆದ ತಿಂಗಳಲ್ಲಿ ನಿಮಗೆ ಎಷ್ಟು ಸಲ ಟೆನ್ಶನ್ ಆಗಿತ್ತು?’ ಎರಡೂ ಕಡೆಯವರು ‘ಪದೇ ಪದೇ’ ಎಂಬುದಕ್ಕೆ ಗುರುತು ಹಾಕುತ್ತಾರೆ. ಇಬ್ಬರಿಗೂ ಒಂದೇ ಅಂಕ. ಆದರೆ ಒಬ್ಬನಿಗೆ ನಿದ್ದೆಯಿಲ್ಲ, ಇನ್ನೊಬ್ಬನ ದಿನಗಳು ಸೊಗಸಾಗಿ ಕಳೆಯುತ್ತಿವೆ!

ಇಷ್ಟು ಢಾಳಾಗಿ ಕಾಣುವ ತಪ್ಪನ್ನು ಯಾವ ಅನುವಾದಕನೂ ಮಾಡಲಾರ. ಕಷ್ಟ ಇರುವುದು ಕಣ್ಣಿಗೆ ಕಾಣದ ತಪ್ಪುಗಳಲ್ಲಿ. ಮನಸ್ಸಿನ ಒತ್ತಡವನ್ನೂ ಅದನ್ನು ಜನ ನಿಭಾಯಿಸುವ ರೀತಿಯನ್ನೂ ಅಳೆಯುವ ಇಂಗ್ಲಿಷ್ ಪ್ರಶ್ನಾವಳಿಗಳನ್ನು ಜಪಾನಿ ಭಾಷೆಗೆ ಒಗ್ಗಿಸಲು ಹೊರಟ ಮನೋವಿಜ್ಞಾನಿಗಳಿಗೆ ಎದುರಾದದ್ದು ಇಂಥ ತಪ್ಪುಗಳೇ.

<b>ಕಬ್ಬಿಣದ ಸಲಾಕೆಯಿಂದ ಬಂದ ಪದ</b>

‘ಸ್ಟ್ರೆಸ್’ ಎಂಬ ಪದವನ್ನು ಇಂದಿನ ಅರ್ಥಕ್ಕೆ ಮೊದಲು ಎಂಜಿನಿಯರುಗಳು ಪಳಗಿಸಿದ್ದರು. ಕಬ್ಬಿಣದ ಸಲಾಕೆಯನ್ನು ಎಳೆದಾಗ ಅದರೊಳಗೆ ಪ್ರತಿ ಚದರ ಮೀಟರಿಗೆ ಇಷ್ಟು ಎಂದು ಹುಟ್ಟುವ ಬಲವೇ ಸ್ಟ್ರೆಸ್. ಅದರಿಂದ ಸಲಾಕೆ ಎಷ್ಟು ಹಿಗ್ಗಿತು ಎಂಬುದು ಸ್ಟ್ರೇನ್. ಮೊದಲನೆಯದು ಬಲ, ಎರಡನೆಯದು ಆ ಬಲದ ಪರಿಣಾಮ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದ ಹಾನ್ಸ್ ಸೆಲ್ಯೆ 1936ರಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. ಇಲಿಯನ್ನು ಚಳಿಗೆ ಒಡ್ಡಿದರೂ, ವಿಷ ಚುಚ್ಚಿದರೂ, ಮಿತಿಮೀರಿ ಓಡಿಸಿದರೂ ಅದರ ದೇಹದಲ್ಲಿ ಆಗುವ ಬದಲಾವಣೆ ಒಂದೇ ಬಗೆಯದು. ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತದೆ, ಥೈಮಸ್ ಕುಗ್ಗುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ. ಇದಕ್ಕೆ ಅವರು ಮುಂದೆ ‘ಸ್ಟ್ರೆಸ್’ ಎಂದು ಹೆಸರಿಟ್ಟರು. ನಿಜವಾಗಿ ನೋಡಿದರೆ ಅದು ದೇಹದ ಮೇಲೆ ಬಿದ್ದ ಬಲವಲ್ಲ, ದೇಹದಲ್ಲಾದ ಪರಿಣಾಮ. ಹಾಗಾಗಿ ‘ಸ್ಟ್ರೇನ್’ ಎನ್ನಬೇಕಿತ್ತು. ತಮ್ಮ ಇಂಗ್ಲಿಷ್ ಆಗ ಇನ್ನಷ್ಟು ಚೆನ್ನಾಗಿದ್ದಿದ್ದರೆ ಹಾಗೆಯೇ ಕರೆಯುತ್ತಿದ್ದೆ ಎಂದು ವಿಯೆನ್ನಾದಲ್ಲಿ ಹುಟ್ಟಿದ ಸೆಲ್ಯೆ ಆಮೇಲೆ ಹೇಳಿಕೊಂಡರು. ಅಷ್ಟರಲ್ಲಿ ಪದ ಊರೂರು ಸುತ್ತಿಯಾಗಿತ್ತು!

ಜಪಾನೀಯರು ಅದನ್ನು ಪರದೇಶದ ಪದಗಳಿಗೆ ಹೆಚ್ಚಾಗಿ ಬಳಸುವ ಕತಕಾನ ಲಿಪಿಯಲ್ಲಿ ‘ಸುತೊರೆಸು’ ಎಂದು ಬರೆದುಕೊಂಡರು. ಕನ್ನಡಿಗರು ‘ಒತ್ತಡ’ ಎಂದರು. ಒತ್ತಡವಾದರೋ ಶಾಲೆಯ ಪಠ್ಯಪುಸ್ತಕದಲ್ಲಿ ಗಾಳಿಗೂ ನೀರಿಗೂ ಸೇರಿದ ‘ಪ್ರೆಶರ್’. ಹೀಗೆ ತವರಿನಲ್ಲೇ ತುಸು ಅಡ್ಡದಾರಿ ಹಿಡಿದಿದ್ದ ಪದ ಪ್ರತಿ ಭಾಷೆಯಲ್ಲೂ ಬೇರೆ ಬೇರೆ ದಾರಿ ಹಿಡಿಯಿತು.

<b>ಮಂಜುಗಡ್ಡೆಯಿಲ್ಲದ ಥರ್ಮಾಮೀಟರು</b>

ಮನಸ್ಸಿನ ಒತ್ತಡವನ್ನು ಅಳೆಯುವುದಾದರೂ ಹೇಗೆ? 1983ರಲ್ಲಿ ಅಮೆರಿಕದ ಮನೋವಿಜ್ಞಾನಿ ಶೆಲ್ಡನ್ ಕೊಹೆನ್ ಮತ್ತು ಸಂಗಡಿಗರು ಒಂದು ಸರಳ ಪ್ರಶ್ನಾವಳಿ ರಚಿಸಿದರು. ಮೊದಲು ಅದರಲ್ಲಿದ್ದದ್ದು 14 ಪ್ರಶ್ನೆ. ಮುಂದೆ 10 ಪ್ರಶ್ನೆಗಳ ರೂಪವೇ ಹೆಚ್ಚು ಬಳಕೆಗೆ ಬಂತು. ಕಳೆದ ಒಂದು ತಿಂಗಳಲ್ಲಿ ಅನಿರೀಕ್ಷಿತ ಘಟನೆಯಿಂದ ಎಷ್ಟು ಸಲ ತಳಮಳಗೊಂಡಿರಿ, ಕೆಲಸಗಳು ಮೈಮೇಲೆ ಬಂದಂತೆ ಎಷ್ಟು ಸಲ ಅನ್ನಿಸಿತು ಎಂಬಂಥ ಪ್ರಶ್ನೆಗಳು ಅವು. ‘ಇಲ್ಲವೇ ಇಲ್ಲ’ ಎಂದರೆ 0, ‘ಪದೇ ಪದೇ’ ಎಂದರೆ 4. ಕೆಲವು ಪ್ರಶ್ನೆಗಳು ಒಳ್ಳೆಯ ಅನುಭವದ ಬಗ್ಗೆ ಕೇಳುತ್ತವೆ. ಅವುಗಳ ಅಂಕವನ್ನು ತಿರುವಿ ಹಾಕಬೇಕು. ಒಟ್ಟು ಅಂಕ 0ಯಿಂದ 40ರವರೆಗೆ ಬರುತ್ತದೆ.

ಥರ್ಮಾಮೀಟರನ್ನು ಯಾವ ದೇಶಕ್ಕೆ ಒಯ್ದರೂ ಅದು ಸರಿಯಾಗಿದೆಯೇ ಎಂದು ಪರೀಕ್ಷಿಸಬಹುದು. ಕರಗುವ ಮಂಜುಗಡ್ಡೆಯಲ್ಲಿಟ್ಟರೆ 0, ಸಮುದ್ರಮಟ್ಟದ ವಾಯುಭಾರದಲ್ಲಿ ಕುದಿಯುವ ನೀರಿನ ಹಬೆಯಲ್ಲಿಟ್ಟರೆ 100. ಮನಸ್ಸಿಗೆ ಇಂಥ ಮಂಜುಗಡ್ಡೆಯೂ ಇಲ್ಲ, ಹಬೆಯೂ ಇಲ್ಲ. ಇಲ್ಲಿ ಪಾದರಸದ ಕೆಲಸ ಮಾಡುವುದು ಭಾಷೆ. ಭಾಷೆ ಬದಲಾದರೆ ಪಾದರಸವನ್ನೇ ಬದಲಾಯಿಸಿದಂತೆ. ಆ ಮೇಲೂ ಗಾಜಿನ ಮೇಲಿನ ಹಳೆಯ ಗೆರೆಗಳನ್ನೇ ನಂಬಬಹುದೇ?

ಜಪಾನಿನ ಮಟ್ಟಿಗೆ ಇದು ಬರೀ ಪಾಂಡಿತ್ಯದ ಪ್ರಶ್ನೆಯಲ್ಲ. ಅತಿಯಾಗಿ ದುಡಿದು ಸಾಯುವುದಕ್ಕೆ ‘ಕರೋಶಿ’ ಎಂಬ ಪ್ರತ್ಯೇಕ ಪದವನ್ನೇ ಕಟ್ಟಿಕೊಳ್ಳಬೇಕಾಗಿ ಬಂದ ದೇಶ ಅದು. 1969ರಲ್ಲಿ ಸುದ್ದಿಪತ್ರಿಕೆಯೊಂದರ ರವಾನೆ ವಿಭಾಗದಲ್ಲಿದ್ದ 29 ವರ್ಷದ ಕೆಲಸಗಾರನ ಸಾವನ್ನು ಇಂಥ ಮೊದಲ ಪ್ರಕರಣವೆಂದು ಸಾಮಾನ್ಯವಾಗಿ ಹೆಸರಿಸಲಾಗುತ್ತದೆ. ಕರೋಶಿಯನ್ನು ತಡೆಯುವ ಕ್ರಮಗಳಿಗಾಗಿಯೇ 2014ರಲ್ಲಿ ಒಂದು ಕಾಯಿದೆ ಬಂತು. 2015ರ ಡಿಸೆಂಬರಿನಿಂದ 50 ಅಥವಾ ಹೆಚ್ಚು ಮಂದಿ ದುಡಿಯುವ ಕಡೆಗಳಲ್ಲಿ ವರ್ಷಕ್ಕೊಮ್ಮೆ ‘ಒತ್ತಡ ತಪಾಸಣೆ’ ಕಡ್ಡಾಯವಾಯಿತು. ಆ ತಪಾಸಣೆ ಎಂದರೆ ಮತ್ತೇನಲ್ಲ, ಒಂದು ಪ್ರಶ್ನಾವಳಿ. ಅಂಕ ಹೆಚ್ಚು ಬಂದವರು ಬಯಸಿದರೆ ವೈದ್ಯರನ್ನು ಕಾಣುವ ಏರ್ಪಾಡು ಮಾಡಬೇಕು. ಅವರ ಒಪ್ಪಿಗೆಯಿಲ್ಲದೆ ಫಲಿತಾಂಶ ಮಾಲೀಕರ ಕೈಗೆ ಹೋಗುವಂತಿಲ್ಲ.

ಅಂದಮೇಲೆ ಅಳತೆಗೋಲು ಒಂದಿಷ್ಟು ವಾಲಿದರೂ ಎರಡು ಬಗೆಯ ಅನಾಹುತ. ಗಟ್ಟಿಮುಟ್ಟಾಗಿರುವವನಿಗೆ ರೋಗಿಯ ಹಣೆಪಟ್ಟಿ, ಇಲ್ಲವೇ ಒಳಗೊಳಗೇ ಕುಸಿಯುತ್ತಿರುವವನಿಗೆ ‘ಎಲ್ಲ ಸರಿಯಾಗಿದೆ’ ಎಂಬ ಚೀಟಿ.

<b>ಹೋಗಿ ಬರುವ ಅನುವಾದ</b>

ಅನುವಾದ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಜಾಣ ಉಪಾಯವಿದೆ. ರಿಚರ್ಡ್ ಬ್ರಿಸ್ಲಿನ್ ಎಂಬ ಮನೋವಿಜ್ಞಾನಿ 1970ರಲ್ಲಿ ಇದನ್ನು ಕ್ರಮಬದ್ಧವಾಗಿ ವಿವರಿಸಿದರು. ಒಬ್ಬರು ಇಂಗ್ಲಿಷಿನಿಂದ ಜಪಾನಿಗೆ ತರುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ಒಯ್ಯುತ್ತಾರೆ. ಎರಡು ಇಂಗ್ಲಿಷ್ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ದಾರಿಯಲ್ಲಿ ಏನು ಬಿದ್ದುಹೋಯಿತು ಎಂದು ಗೊತ್ತಾಗುತ್ತದೆ. ಭಾಗಾಕಾರ ಸರಿಯೇ ಎಂದು ತಿಳಿಯಲು ಗುಣಿಸಿ ನೋಡುವಂತೆ.

ಆದರೆ ಇದೊಂದನ್ನೇ ನಂಬುವಂತಿಲ್ಲ. ಇಂಗ್ಲಿಷಿನವರು ಮನಸ್ಸಿಗೆ ಮಂಕು ಕವಿದರೆ ‘ಬ್ಲೂ’ ಎನ್ನುತ್ತಾರೆ. ಅಮಾಯಕ ಅನುವಾದಕ ಅದನ್ನು ಕನ್ನಡಕ್ಕೆ ‘ನೀಲಿ’ ಎಂದು ತಂದ ಎನ್ನಿ. ಮರಳಿ ಒಯ್ಯುವಾತ ಅದನ್ನು ಮತ್ತೆ ‘ಬ್ಲೂ’ ಎಂದೇ ಬರೆಯುತ್ತಾನೆ. ತಾಳೆ ನೋಡಿದರೆ ನೂರಕ್ಕೆ ನೂರು ಅಂಕ! ಕನ್ನಡ ಓದುಗನಿಗೆ ಮಾತ್ರ ‘ನಿಮಗೆ ನೀಲಿ ಅನ್ನಿಸಿತ್ತೇ?’ ಎಂಬ ಪ್ರಶ್ನೆ ತಲೆಬುಡ ತಿಳಿಯುವುದಿಲ್ಲ. ಕೊಹೆನ್ ಪ್ರಶ್ನಾವಳಿಯಲ್ಲಿ ಪರಿಸ್ಥಿತಿ ಕೈಯಲ್ಲಿತ್ತೇ ಎಂದು ಕೇಳಲು ‘ಆನ್ ಟಾಪ್ ಆಫ್ ಥಿಂಗ್ಸ್’ ಎಂಬ ನುಡಿಗಟ್ಟಿದೆ. ಪದಕ್ಕೆ ಪದ ಇಟ್ಟರೆ ‘ಸಾಮಾನುಗಳ ಮೇಲೆ ಇದ್ದಿರೇ?’ ಎಂದಾದೀತು.

ಆದ್ದರಿಂದ ಮುಂದೆ ಈ ವಿಧಾನವನ್ನು ಬಿಗಿಗೊಳಿಸಲಾಯಿತು. 2000ದಲ್ಲಿ ಪ್ರಕಟವಾಗಿ ಹೆಚ್ಚು ಬಳಕೆಗೆ ಬಂದ ಒಂದು ಮಾರ್ಗಸೂಚಿಯ ಪ್ರಕಾರ ಅನುವಾದಕರು ಇಬ್ಬರಿರಬೇಕು. ಒಬ್ಬರಿಗೆ ವಿಷಯ ತಿಳಿದಿರಬೇಕು, ಇನ್ನೊಬ್ಬರಿಗೆ ತಿಳಿದಿರಕೂಡದು! ಬೀದಿಯ ಮನುಷ್ಯ ಆಡುವ ಮಾತು ಹೊರಬರುವುದು ಆ ಎರಡನೆಯವರಿಂದ. ಎರಡನ್ನೂ ಹೊಂದಿಸಿ ಒಂದು ಮಾಡಿ, ಇನ್ನಿಬ್ಬರಿಂದ ಮರುಅನುವಾದ ಮಾಡಿಸಿ, ಎಲ್ಲರೂ ಕೂತು ಚರ್ಚಿಸಿ, ಕೊನೆಗೆ 30ರಿಂದ 40 ಮಂದಿ ಸಾಮಾನ್ಯ ಜನರ ಮುಂದಿಟ್ಟು ‘ಈ ಪ್ರಶ್ನೆ ಓದಿದಾಗ ನಿಮಗೇನು ಅರ್ಥವಾಯಿತು?’ ಎಂದು ಕೇಳಬೇಕು.

‘ಹೌದು–ಅಲ್ಲ’ ಎಂಬ ಎರಡು ಪದಗಳೂ ಸುಲಭದವಲ್ಲ. ‘ನಿಮಗೆ ರಾತ್ರಿ ನಿದ್ದೆ ಬರುವುದಿಲ್ಲವೇ?’ ಎಂದು ಕೇಳಿದರೆ ನಿದ್ದೆಗೆಟ್ಟ ಇಂಗ್ಲಿಷಿನವನು ‘ನೋ’ ಎನ್ನುತ್ತಾನೆ. ಜಪಾನಿಯವನು ‘ಹಾಯ್’, ಅಂದರೆ ‘ಹೌದು, ನೀವು ಹೇಳಿದ್ದು ನಿಜ’ ಎನ್ನುತ್ತಾನೆ. ಈ ವಿಷಯದಲ್ಲಿ ಕನ್ನಡಿಗ ಜಪಾನೀಯನ ನೆಂಟ. ಆತನೂ ‘ಹೌದು ಸ್ವಾಮಿ, ಬರೋದಿಲ್ಲ’ ಎನ್ನುವವನೇ. ಇಂಗ್ಲಿಷ್ ಪ್ರಶ್ನೆಯಲ್ಲಿ ನಕಾರವಿದ್ದರೆ ಅದನ್ನು ಹಾಗೆಯೇ ಇಳಿಸಿಕೊಂಡಾಗ ಉತ್ತರ ತಲೆಕೆಳಗಾಗುವುದು ಹೀಗೆ.

<b>ವಿನಯಕ್ಕೆ 12 ಅಂಕ</b>

ಮಾತು ಸರಿಹೋಯಿತು ಎನ್ನಿ. ಆಗಲೂ ಕಷ್ಟ ಮುಗಿಯುವುದಿಲ್ಲ. ಉತ್ತರ ಕೊಡುವ ರೀತಿಯಲ್ಲೇ ಒಂದು ಸಂಸ್ಕೃತಿ ಅಡಗಿರುತ್ತದೆ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪೂರ್ವ ಏಷ್ಯಾ ಮತ್ತು ಉತ್ತರ ಅಮೆರಿಕದ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ಹೋಲಿಸಿತು. ಜಪಾನಿನ ವಿದ್ಯಾರ್ಥಿಗಳು ಅಮೆರಿಕದವರಿಗಿಂತ ಹೆಚ್ಚಾಗಿ ನಟ್ಟನಡುವಿನ ಉತ್ತರವನ್ನು ಆರಿಸಿದ್ದರು. ಅಮೆರಿಕದವರು ಎರಡು ತುದಿಗಳತ್ತ ವಾಲಿದ್ದರು. ತುದಿಗೆ ಹೋಗದಿರುವುದು ಒಂದು ಕಡೆ ಸಭ್ಯತೆ, ಇನ್ನೊಂದು ಕಡೆ ಅಳುಕು.

ಅದಕ್ಕಿಂತ ಸ್ವಾರಸ್ಯದ ಸಂಗತಿ ಹೊರಬಿದ್ದದ್ದು ಖಿನ್ನತೆ ಅಳೆಯುವ ಒಂದು ಪ್ರಶ್ನಾವಳಿಯಿಂದ. ಅಮೆರಿಕದಲ್ಲಿ 1977ರಲ್ಲಿ ಪ್ರಕಟವಾದ ಇದರಲ್ಲಿ 20 ವಾಕ್ಯಗಳಿವೆ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ಒಟ್ಟು 16 ಅಥವಾ ಹೆಚ್ಚು ಬಂದರೆ ವೈದ್ಯರು ಗಮನ ಕೊಡಬೇಕು ಎಂಬುದು ರೂಢಿಯಾಯಿತು. 16 ವಾಕ್ಯಗಳು ನೋವಿನ ಕುರಿತವು. ಉಳಿದ ನಾಲ್ಕು ಸಂತೋಷದವು: ಮುಂದಿನ ದಿನಗಳ ಬಗ್ಗೆ ಭರವಸೆಯಿದೆ, ಬದುಕಿನಲ್ಲಿ ಸುಖವಿದೆ, ಖುಷಿಯಾಗಿದ್ದೇನೆ, ಬೇರೆಯವರಿಗೆ ನಾನೇನೂ ಕಡಮೆಯಲ್ಲ ಎಂಬರ್ಥದವು. ಈ ನಾಲ್ಕರ ಅಂಕವನ್ನು ತಿರುವಿ ಹಾಕುತ್ತಾರೆ. ‘ಹಾಗೇನೂ ಅನ್ನಿಸಿಲ್ಲ’ ಎಂದವನಿಗೆ ಪೂರ್ತಿ 3 ಅಂಕ.

ಜಪಾನ್ ಮತ್ತು ಅಮೆರಿಕದ ಉದ್ಯೋಗಿಗಳ ಉತ್ತರಗಳನ್ನು ಹೋಲಿಸಿ 1995ರಲ್ಲಿ ಸಂಶೋಧಕರು ಒಂದು ಲೇಖನ ಪ್ರಕಟಿಸಿದರು. ನೋವಿನ ವಾಕ್ಯಗಳಲ್ಲಿ ಎರಡು ದೇಶದವರ ಉತ್ತರ ಬಹುಮಟ್ಟಿಗೆ ಹೊಂದುತ್ತಿತ್ತು. ಸಂತೋಷದ ಆ ನಾಲ್ಕರಲ್ಲಿ ಮಾತ್ರ ಜಪಾನೀಯರು ಬಹಳ ಹಿಂದೆ! ಅವರೆಲ್ಲ ಅಷ್ಟು ದುಃಖಿಗಳೇ? ಹಾಗಲ್ಲ. ‘ನಾನು ಯಾರಿಗೂ ಕಡಮೆಯಿಲ್ಲ’ ಎಂದು ಕಾಗದದ ಮೇಲೆ ಬರೆದುಕೊಡುವುದು ಅವರ ನಡವಳಿಕೆಗೆ ಒಗ್ಗದ ಮಾತು. ಸುಖವನ್ನು ಸಾರಿ ಹೇಳಬಾರದು ಎಂಬ ಸಂಕೋಚವನ್ನು ಪ್ರಶ್ನಾವಳಿ ಖಿನ್ನತೆ ಎಂದು ಎಣಿಸಿಬಿಟ್ಟಿತು.

ಒಂದು ಚಿಕ್ಕ ಲೆಕ್ಕ ಮಾಡಿ. ಒಬ್ಬ ಗುಮಾಸ್ತ ವಿನಯದಿಂದ ಆ ನಾಲ್ಕಕ್ಕೂ ‘ಇಲ್ಲ’ ಎಂದರೆ ನಾಲ್ಕು ಮೂರಲ 12. ಗಡಿ ಇರುವುದು 16ರಲ್ಲಿ. ಜತೆಗೆ ಕೆಲವು ದಿನ ನಿದ್ದೆ ಸರಿಬರದೆ, ಊಟ ರುಚಿಸದೆ ಇನ್ನು 4 ಅಂಕ ಸೇರಿದರೆ ಆತ ರೋಗಿಗಳ ಪಟ್ಟಿಯಲ್ಲಿ! ಪ್ರಶ್ನಾವಳಿಯ ಅನುವಾದದಲ್ಲಿ ಒಂದಕ್ಷರವೂ ತಪ್ಪಿಲ್ಲ. ತಪ್ಪಿದ್ದು ಅಂಕದ ಅರ್ಥ.

<b>ನಿಭಾಯಿಸುವುದೋ, ಕಳೆಯುವುದೋ</b>

ಒತ್ತಡವನ್ನು ಅಳೆಯುವುದೇ ಇಷ್ಟು ತೊಡಕು. ಒತ್ತಡವನ್ನು ಜನ ಹೇಗೆ ನಿಭಾಯಿಸುತ್ತಾರೆ ಎಂದು ಕೇಳುವುದು ಇನ್ನೂ ತೊಡಕಿನದು. ‘ಸ್ಟ್ರೆಸ್ ಮ್ಯಾನೇಜ್‌ಮೆಂಟ್’ ಎಂಬುದಕ್ಕೆ ಜಪಾನಿಯಲ್ಲಿ ಏನೆನ್ನಬೇಕು? ‘ಕನ್ರಿ’ ಎಂಬ ಪದವಿದೆ. ಅದು ಕಾರ್ಖಾನೆಯ ಗುಣಮಟ್ಟ ನಿಯಂತ್ರಣಕ್ಕೂ ಬಳಕೆಯಾಗುವ ಕಚೇರಿಯ ಪದ. ಜನರ ಬಾಯಲ್ಲಿರುವುದು ‘ಸುತೊರೆಸು ಕೈಶೋ’, ಅಂದರೆ ಒತ್ತಡ ಕಳೆದುಕೊಳ್ಳುವುದು. ಸಂಜೆ ಗೆಳೆಯರ ಜತೆ ಕುಡಿಯುವುದು, ಕರವೋಕೆಯಲ್ಲಿ ಗಂಟಲು ಹರಿಯುವಂತೆ ಹಾಡುವುದು ಎಲ್ಲವೂ ಕೈಶೋ. ಬೆಳಗಿನ ನಡಿಗೆಯನ್ನು ಅಭ್ಯಾಸ ಮಾಡಿಕೊಂಡಿದ್ದಾರೆಯೇ ಎಂದು ತಿಳಿಯಬಯಸುವ ಸಂಶೋಧಕ ‘ಕೈಶೋ ಮಾಡುತ್ತೀರಾ?’ ಎಂದು ಕೇಳಿದರೆ, ವಾರವಿಡೀ ಬಾರಿನಲ್ಲಿ ಕಳೆಯುವವನೂ ಧೈರ್ಯವಾಗಿ ‘ಹೌದು’ ಎಂದಾನು!

ಅಮೆರಿಕದ ಜೇಮ್ಸ್ ಪ್ರೊಚಾಸ್ಕಾ ಮತ್ತು ಕಾರ್ಲೊ ಡಿಕ್ಲೆಮೆಂಟೆ ಸಿಗರೇಟು ಬಿಡುವವರನ್ನು ಅಭ್ಯಸಿಸಿ 1983ರಲ್ಲಿ ಮುಂದಿಟ್ಟ ಸಿದ್ಧಾಂತವೊಂದಿದೆ. ಮನುಷ್ಯ ಅಭ್ಯಾಸ ಬದಲಿಸುವುದು ಒಂದೇ ನೆಗೆತದಲ್ಲಲ್ಲ, ಮೆಟ್ಟಿಲು ಮೆಟ್ಟಿಲಾಗಿ. ಮುಂದೆ ಆ ಮೆಟ್ಟಿಲುಗಳನ್ನು ಐದೆಂದು ಎಣಿಸಿದರು. ಯೋಚನೆಯೇ ಇಲ್ಲ, ಆರು ತಿಂಗಳೊಳಗೆ ಶುರುಮಾಡುವ ಯೋಚನೆಯಿದೆ, ಒಂದು ತಿಂಗಳೊಳಗೆ ಶುರುಮಾಡುತ್ತೇನೆ, ಶುರುಮಾಡಿ ಆರು ತಿಂಗಳಾಗಿಲ್ಲ, ಆರು ತಿಂಗಳು ದಾಟಿತು. ಇದನ್ನೇ ಒತ್ತಡ ನಿಭಾಯಿಸುವುದಕ್ಕೂ ಅನ್ವಯಿಸಿ ಪ್ರಶ್ನಾವಳಿ ಸಿದ್ಧವಾಯಿತು. ಅದನ್ನು ಜಪಾನೀ ಮನೋವಿಜ್ಞಾನಿಗಳು ತಮ್ಮ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ಒಗ್ಗಿಸಿಕೊಂಡರು. ಇಂಥ ಪ್ರಶ್ನೆಯ ಜತೆಯಲ್ಲೇ ಅದರ ಅರ್ಥವನ್ನೂ ಬಿಡಿಸಿ ಹೇಳುವುದುಂಟು: ಕ್ರಮವಾದ ವಿಶ್ರಾಂತಿ, ವ್ಯಾಯಾಮ, ಇತರರೊಡನೆ ಮನಬಿಚ್ಚಿ ಮಾತು, ಜನರ ಜತೆ ಬೆರೆಯಲು ಬಿಡುವು. ಒಂಟಿ ಪದ ಹೊರಲಾರದ ಅರ್ಥವನ್ನು ನಾಲ್ಕು ಉದಾಹರಣೆಗಳು ಹೊರುತ್ತವೆ.

ಇನ್ನೂ ಆಳದಲ್ಲಿರುವ ತೊಡಕು ‘ಹತೋಟಿ’ ಎಂಬ ಕಲ್ಪನೆಯದು. ಬಹುಪಾಲು ಅಮೆರಿಕನ್ ಪ್ರಶ್ನಾವಳಿಗಳ ಬೆನ್ನೆಲುಬು ಇದೇ. ಪರಿಸ್ಥಿತಿಯನ್ನು ಬದಲಿಸಬಲ್ಲವನು ಗಟ್ಟಿಗ, ಬದಲಿಸಲಾರದವನು ಒತ್ತಡಕ್ಕೆ ಸಿಕ್ಕವನು. 1984ರಲ್ಲಿ ಜಾನ್ ವೈಸ್ ಮತ್ತು ಇಬ್ಬರು ಸಂಗಡಿಗರು ಅಮೆರಿಕ ಮತ್ತು ಜಪಾನನ್ನು ಹೋಲಿಸಿ, ಹತೋಟಿ ಎರಡು ಬಗೆಯದು ಎಂದು ವಾದಿಸಿದರು. ಜಗತ್ತನ್ನು ತನಗೆ ಬೇಕಾದಂತೆ ಬಾಗಿಸುವುದು ಒಂದು. ಜಗತ್ತಿಗೆ ತಕ್ಕಂತೆ ತನ್ನನ್ನು ಹೊಂದಿಸಿಕೊಂಡು ನೆಮ್ಮದಿ ಪಡೆಯುವುದು ಇನ್ನೊಂದು. ಎರಡನೆಯದಕ್ಕೆ ಜಪಾನಿನಲ್ಲಿ ಹೆಚ್ಚು ಬೆಲೆ. ಅಲ್ಲಿನ ಮನೋವೈದ್ಯ ಮೊರಿತ ಶೋಮ (1874–1938) ‘ಅರುಗಮಾಮ’ ಎಂಬ ತತ್ತ್ವದ ಮೇಲೆ ಒಂದು ಚಿಕಿತ್ಸಾ ಪದ್ಧತಿಯನ್ನೇ ಕಟ್ಟಿದ್ದರು. ಇದ್ದುದನ್ನು ಇದ್ದ ಹಾಗೆ ಒಪ್ಪಿಕೊಂಡು, ಆತಂಕದ ಜತೆ ಗುದ್ದಾಡದೆ, ಮಾಡಬೇಕಾದ ಕೆಲಸ ಮಾಡುತ್ತ ಹೋಗು ಎಂಬುದು ಅದರ ಸಾರ. ಒಗ್ಗಿಸದ ಪ್ರಶ್ನಾವಳಿಯ ಕೈಗೆ ಸಿಕ್ಕರೆ ಈ ಬಗೆಯ ನೆಮ್ಮದಿಗೂ ‘ಕೈಚೆಲ್ಲಿ ಕೂತವನು’ ಎಂಬ ಅಂಕವೇ ಬಿದ್ದೀತು.

ಹಾಗೆಂದು ಸಹನೆಯನ್ನೆಲ್ಲ ಕೊಂಡಾಡುವಂತೆಯೂ ಇಲ್ಲ. ‘ಗಮನ್’, ಅಂದರೆ ಹಲ್ಲುಕಚ್ಚಿ ತಾಳಿಕೊಳ್ಳುವುದು, ಜಪಾನಿನಲ್ಲಿ ದೊಡ್ಡ ಗುಣ. ದುಡಿದು ದುಡಿದು ಸತ್ತವರಲ್ಲೂ ಈ ಗುಣಕ್ಕೆ ಕೊರತೆ ಇದ್ದಿರಲಾರದು. ಮನಸ್ಸು ಒಪ್ಪಿ ತಾಳಿಕೊಂಡದ್ದು ಯಾವುದು, ಬಾಯಿ ಮುಚ್ಚಿಕೊಂಡು ಸಹಿಸಿದ್ದು ಯಾವುದು ಎಂದು ಬೇರ್ಪಡಿಸಬಲ್ಲ ಪ್ರಶ್ನೆಯೇ ಒಳ್ಳೆಯ ಪ್ರಶ್ನೆ. ಅಂಥ ಪ್ರಶ್ನೆಯನ್ನು ನಿಘಂಟು ನೋಡಿ ಬರೆಯಲಾಗದು.

<b>ಬೆಂಗಳೂರು ಮತ್ತು ನಾಗಸಾಕಿ</b>

ಕೊನೆಯ ಪರೀಕ್ಷೆ ಅಂಕಗಳದು. ಬಿ.ಎಡ್. ಓದಿದ ಪ್ರತಿ ಮೇಷ್ಟರಿಗೂ ಗೊತ್ತಿರುವ ಎರಡು ಗುಣಗಳು ಇಲ್ಲೂ ಬೇಕು. ಒಂದು ವಿಶ್ವಸನೀಯತೆ: ಅದೇ ಮನುಷ್ಯನನ್ನು ಕೆಲವು ದಿನ ಬಿಟ್ಟು ಕೇಳಿದರೆ ಹೆಚ್ಚುಕಡಮೆ ಅದೇ ಅಂಕ ಬರಬೇಕು. ಇನ್ನೊಂದು ಸಪ್ರಮಾಣತೆ: ಅಳೆಯಹೊರಟದ್ದನ್ನೇ ಅಳೆಯಬೇಕು. ತಕ್ಕಡಿ ದಿನವೂ ನೂರು ಗ್ರಾಂ ಹೆಚ್ಚು ತೋರಿಸಿದರೆ ಅದು ವಿಶ್ವಸನೀಯವೇ, ಆದರೆ ಸಪ್ರಮಾಣವಲ್ಲ. ಎರಡನೆಯದನ್ನು ಸಾಬೀತು ಮಾಡಲು ವೈದ್ಯರು ಖುದ್ದಾಗಿ ಮಾತನಾಡಿಸಿ ಪರೀಕ್ಷಿಸಿದ ಜನರ ಅಂಕಗಳ ಜತೆ ತಾಳೆ ನೋಡಬೇಕು.

ವಿಶ್ವ ಆರೋಗ್ಯ ಸಂಸ್ಥೆ ಇಂಥ ತಾಳೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿತು. ಸಾಮಾನ್ಯ ಆಸ್ಪತ್ರೆಗಳಿಗೆ ಬರುವವರ ಮಾನಸಿಕ ತೊಂದರೆಗಳನ್ನು ಅರಿಯಲು ಅದು ಆರಿಸಿಕೊಂಡ 15 ಊರುಗಳಲ್ಲಿ ಜಪಾನಿನ ನಾಗಸಾಕಿಯೂ ಇತ್ತು, ಬೆಂಗಳೂರೂ ಇತ್ತು. 1995ರಲ್ಲಿ ಅದರ ವರದಿ ಬಂತು. ಎಲ್ಲ ಕಡೆಯೂ ಬಳಸಿದ್ದು 12 ಪ್ರಶ್ನೆಗಳ ಅದೇ ಪ್ರಶ್ನಾವಳಿ, ಆಯಾ ಊರಿನ ಭಾಷೆಯಲ್ಲಿ. ಪ್ರಶ್ನಾವಳಿ ಒಟ್ಟಾರೆ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ‘ಇಷ್ಟು ಅಂಕ ದಾಟಿದವರನ್ನು ವೈದ್ಯರು ನೋಡಬೇಕು’ ಎಂಬ ಗಡಿ ಎಲ್ಲ ಊರಿಗೂ ಒಂದೇ ಆಗಲಿಲ್ಲ. ಕೋಲು ಒಂದೇ ಆದರೂ ಗೆರೆಯನ್ನು ಊರು ನೋಡಿ ಎಳೆಯಬೇಕಾಯಿತು.

ಜಪಾನೀಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೇರೆಯವರ ಕೋಲನ್ನು ಒಗ್ಗಿಸಿಕೊಂಡದ್ದಲ್ಲದೆ 1990ರ ದಶಕದಲ್ಲಿ ತಮ್ಮ ಕೆಲಸಗಾರರಿಗೆಂದೇ 57 ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡರು. ಮುಂದೆ 2015ರ ಒತ್ತಡ ತಪಾಸಣೆಗೆ ಸರ್ಕಾರ ಶಿಫಾರಸು ಮಾಡಿದ್ದು ಇದನ್ನೇ. ಇದರ ಉತ್ತರಗಳಲ್ಲಿ ನಾಲ್ಕೇ ಆಯ್ಕೆ. ಅಂದರೆ ನಟ್ಟನಡುವೆ ಅಡಗಿ ಕೂರಲು ಜಾಗವೇ ಇಲ್ಲ! ಇನ್ನೊಂದು ವಿಶೇಷವೂ ಉಂಟು. ‘ಕತ್ತು, ಹೆಗಲು ಬಿಗಿದುಕೊಂಡಿದೆಯೇ?’ ಎಂಬ ಪ್ರಶ್ನೆ ಅದರಲ್ಲಿದೆ. ‘ಮನಸ್ಸು ಸೋತಿದೆ’ ಎಂದು ಹೇಳಲು ಹಿಂಜರಿಯುವ ಜಪಾನೀಯ ‘ಹೆಗಲು ಬಿಗಿದಿದೆ’ ಎಂದು ಸಂಕೋಚವಿಲ್ಲದೆ ಹೇಳುತ್ತಾನೆ. ಅಲ್ಲಿ ಅದು ಮನೆಮನೆಯ ಮಾತು.

ಕನ್ನಡದ ಹೆಗಲು ಎಲ್ಲಿದೆ? ‘ಕಳೆದ ತಿಂಗಳು ನಿಮಗೆ ಎಷ್ಟು ಸಲ ಮಾನಸಿಕ ಒತ್ತಡ ಉಂಟಾಗಿತ್ತು?’ ಎಂದು ಹಳ್ಳಿಯ ತಾಯಿಯೊಬ್ಬಳನ್ನು ಕೇಳಿದರೆ ಆಕೆ ‘ಅಂಥದ್ದೇನೂ ಇಲ್ಲಪ್ಪ’ ಎಂದುಬಿಡಬಹುದು. ‘ಸುಸ್ತೇನವ್ವ? ಮೈಕೈ ನೋವಾ? ರಾತ್ರಿ ಎದೆ ಹೊಡ್ಕೊಳ್ಳುತ್ತಾ?’ ಎಂದು ಕೇಳಿ ನೋಡಿ. ಆಗ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಪಕ್ಕಕ್ಕೆ ಸರಿದು ನಿಮಗೂ ಕೂರಲು ಜಾಗ ಮಾಡಿಕೊಟ್ಟಾಳು.